ಚಂದ್ರಕ್ಕನ ಹೀಟರಿಗೆ ಅಂಟಿದ ಕೆಂಪು

ಚಂದ್ರಪ್ರಭಾ ಅವರ ಕುಟುಂಬಕ್ಕೆ ವಂಶಪಾರಂಪರ್ಯವಾದ ಕಾಯಿಲೆ ಏನೋ ಇದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಒಂದಲ್ಲ, ಹಲವು. ದಿಲ್ಲಿಯ ಸರೋಜಿನಿ ನಗರದ ಅವರ ಸರ್ಕಾರಿ ಕ್ವಾರ್ಟರ್ಸಿಗೆ ಹೋದಾಗಲೆಲ್ಲ ದಿವಾನದ ಮೇಲೆ ಯಾರಾದರೊಬ್ಬರು ಮಲಗಿರುತ್ತಿದ್ದರು. ಒಮ್ಮೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಮುದುಕರು. ಅವರನ್ನು ‘ನಮ್ಮ ಮಾವ’ ಎಂದು ಪರಿಚಯಿಸಿದರು. ಮುಂದಿನ ಸಲ ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡ ‘ನಮ್ಮ ಮೈದುನ’. ಆಮೇಲೆ ಗಂಟಲಿನ ಚಿಕ್ಕಮ್ಮ, ಕಿಡ್ನಿಯ ತಂಗಿ, ಯಾವುದೋ ಹೆಸರು ಹೇಳಲಾಗದ ಕಾಯಿಲೆಯ ಸೋದರಳಿಯ. ಒಂದೇ ಮನೆತನದವರು ನೆತ್ತಿಯಿಂದ ಅಂಗಾಲಿನವರೆಗೆ ಒಂದು ಅಂಗವನ್ನೂ ಬಿಡದೆ ಹಂಚಿಕೊಂಡು ನರಳುತ್ತಿರುವುದನ್ನು ಕಂಡು ನನಗೆ ಮರುಕವಾಗುತ್ತಿತ್ತು. ಕೊನೆಗೊಮ್ಮೆ ಅವರ ಯಜಮಾನರಾದ ದಕ್ಷಿಣಾಮೂರ್ತಿಯವರನ್ನು ಬಾಲ್ಕನಿಗೆ ಕರೆದೆ. ಈಗೆಲ್ಲ ರಕ್ತ ಪರೀಕ್ಷೆ ಮಾಡಿ ಮುಂದಿನ ತಲೆಮಾರಿಗೆ ಏನೇನು ಬರಬಹುದೆಂದು ಹೇಳುತ್ತಾರಂತೆ, ನೀವೂ ಮಾಡಿಸುವುದು ಮೇಲು ಎಂದು ದನಿ ತಗ್ಗಿಸಿ ಸಲಹೆ ಕೊಟ್ಟೆ.

ಅವರು, “ಗೋಪಿನಾಥರೇ, ಇವರ್ಯಾರೂ ನಮಗೆ ಏನೂ ಆಗಬೇಕಾಗಿಲ್ಲ” ಎಂದರು.

ನಿಜ ಸಂಗತಿ ಇಷ್ಟೇ. ಅವರ ಮನೆಯಿಂದ ಆಟೋ ಹತ್ತಿದರೆ ದೊಡ್ಡ ಆಸ್ಪತ್ರೆ ದೂರವಲ್ಲ. ಊರಿನಲ್ಲಿ ತೋರಿಸಿ, ಹೈದರಾಬಾದಿನಲ್ಲಿ ತೋರಿಸಿ, ಬೆಂಗಳೂರಿನಲ್ಲಿ ತೋರಿಸಿ, ಇನ್ನು ದಿಲ್ಲಿಯೇ ಗತಿ ಎಂದು ಯಾರೋ ಹೇಳಿದ ಮಾತು ಕೇಳಿ ರೈಲು ಹತ್ತಿದವರು ಆ ಆಸ್ಪತ್ರೆಯ ಸಾಲಿನಲ್ಲಿ ಹಿಂದಿ ಬಾರದೆ ನಿಂತಿರುತ್ತಾರೆ. ಆ ಸಾಲಿನಲ್ಲಿ ಕನ್ನಡ ಕೇಳಿಸಿದರೆ ಸಾಕು, ಮೊದಲೇ ಬಂದವರು ಯಾರಾದರೂ ಹಿಂದಕ್ಕೆ ತಿರುಗಿ ಹೇಳುತ್ತಾರೆ: ಸರೋಜಿನಿ ನಗರಕ್ಕೆ ಹೋಗಿ, ಅಲ್ಲಿ ಚಂದ್ರಕ್ಕ ಅಂತ ಇದ್ದಾರೆ. ಹೀಗೆ ಹೋದವರು ವಾರ, ತಿಂಗಳು ಇದ್ದು ಗುಣವಾಗಿಯೋ ಆಗದೆಯೋ ಊರಿಗೆ ಮರಳುತ್ತಾರೆ. ಹಳೆಯ ಎರಡಂತಸ್ತಿನ ಕ್ವಾರ್ಟರ್ಸ್ ಕೆಡವಿ ಗೋಪುರದಂಥ ಕಟ್ಟಡ ಎಬ್ಬಿಸಿದ ಮೇಲೆ ಅವರಿಗೆ ಸಿಕ್ಕಿರುವುದು ಎಂಟನೆಯ ಮಹಡಿ. ರೋಗಿಗಳಿಗೆ ಲಿಫ್ಟಾಯಿತಲ್ಲ ಎನ್ನುವುದಷ್ಟೇ ಆ ಬದಲಾವಣೆಯ ಬಗ್ಗೆ ಚಂದ್ರಪ್ರಭಾ ಅವರ ಅಭಿಪ್ರಾಯ.

ಇಷ್ಟು ಕೇಳಿ ಅವರನ್ನು ಮೃದು ಮಾತಿನ ಅನ್ನಪೂರ್ಣೆ ಎಂದು ಕಲ್ಪಿಸಿಕೊಂಡರೆ ನೀವೂ ನನ್ನ ಹಾಗೆ ಮೋಸ ಹೋಗುತ್ತೀರಿ. ಆ ಮನೆಯಲ್ಲಿ ಶಿಸ್ತು ದಂಡಿನ ಪಾಳೆಯದ್ದು. ಚಪ್ಪಲಿ ಎಡಗಡೆ. ಸ್ನಾನ ಬೆಳಕು ಹರಿಯುವ ಮೊದಲು. ಖಾಲಿ ಕೋಣೆಯಲ್ಲಿ ದೀಪ ಉರಿದರೆ ಕಾಯಿಲೆಯವರೆಂಬ ರಿಯಾಯಿತಿಯೂ ಇಲ್ಲ. ಕೃತಜ್ಞತೆ ಹೇಳಲು ಹೊರಟವರಿಗೆ, “ಅಚ್ಛಾ, ಆಯ್ತು, ಮಾತ್ರೆ ನುಂಗಿದ್ರಾ?” ಎಂದು ತಡೆಹಾಕುತ್ತಾರೆ. ತಂಬೋಲಾ ಆಡಿದರೆ ಮೋಸ ಮಾಡುತ್ತಾರೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಲೇಖನಗಳನ್ನು ಓದಿಲ್ಲ, ಓದುವ ಇರಾದೆಯೂ ಇಲ್ಲ ಎಂದು ನನ್ನೆದುರೇ ಹೇಳಿದ ಏಕೈಕ ಪರಿಚಿತೆ ಅವರು. ಉಳಿದವರು ಓದದಿದ್ದರೂ ಹೇಳುವುದಿಲ್ಲ.

ಇಂಥವರ ಮನೆಗೆ ಕಳೆದ ಚಳಿಗಾಲದಲ್ಲಿ ನಾನು ಇಂಗಾಲ ಅಳೆಯಲು ಹೋದೆ.

ದಿಲ್ಲಿ ಸುತ್ತಮುತ್ತಲಿನ ಕನ್ನಡಿಗರ ನಮ್ಮದೊಂದು ಬಳಗವಿದೆ. ನಾಡಹಬ್ಬ, ಯುಗಾದಿ, ನಡುವೆ ಒಂದು ಚಿತ್ರಕಲಾ ಸ್ಪರ್ಧೆ, ಇಷ್ಟರಲ್ಲೇ ತೃಪ್ತರಾಗಿದ್ದ ನಮಗೆ ಗುರುಗ್ರಾಮದ ಹುಡುಗ ಪ್ರಜ್ವಲ್ ಹೊಸ ಹುರುಪು ತಂದ. ಅವನು ಯಾವುದೋ ಕಂಪನಿಯಲ್ಲಿ ಪರಿಸರ ಸಲಹೆಗಾರ. ಹೊರಗಿನ ಗಾಳಿ ಬೀಡಿಯ ಹೊಗೆಯಷ್ಟು ದಟ್ಟವಾಗಿದ್ದ ಒಂದು ನವೆಂಬರ್ ಸಂಜೆ, ನಾವೆಲ್ಲ ಮಾಸ್ಕ್ ಹಾಕಿಕೊಂಡೇ ಕುಳಿತಿದ್ದ ಸಭೆಯಲ್ಲಿ ಅವನು ಎದ್ದು ನಿಂತು, ಸದಸ್ಯರ ಮನೆಮನೆಯ ಇಂಗಾಲದ ಹೆಜ್ಜೆಗುರುತನ್ನು ಅಳೆಯೋಣ ಎಂದ. ನಾವು ಉರಿಸುವ ಗ್ಯಾಸು, ಕರೆಂಟು, ಪೆಟ್ರೋಲು, ಹತ್ತುವ ವಿಮಾನ, ತಿನ್ನುವ ಅನ್ನ ಎಲ್ಲವೂ ಗಾಳಿಗೆ ಎಷ್ಟು ಹೊಗೆ ಬಿಡುತ್ತವೆಂಬ ಲೆಕ್ಕ. ಅದಕ್ಕೊಂದು ಆ್ಯಪ್ ಅವನೇ ಮಾಡಿದ್ದ. ಯಾರ ಮನೆಯ ಹೊಗೆ ಕಡಿಮೆಯೋ ಅವರಿಗೆ ಯುಗಾದಿಯಂದು ‘ಹಸಿರು ಮನೆ’ ಫಲಕ. ಚಪ್ಪಾಳೆ ಬಿತ್ತು. ಒಂದು ಉಪಸಮಿತಿ ಆಯಿತು. ಬರೆಯುವವರು ಎಂಬ ಕಾರಣಕ್ಕೆ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದರು. ಅಧ್ಯಕ್ಷನೆಂದರೆ ಕೊರಳಿಗೆ ನೇತು ಹಾಕಿಕೊಳ್ಳುವ ಒಂದು ಬಿಲ್ಲೆ. ಘಾಜಿಯಾಬಾದಿನ ನಮ್ಮ ಫ್ಲಾಟಿನಲ್ಲಿ ಅದನ್ನು ಹಾಕಿಕೊಂಡೇ ನಾನು ಎರಡು ದಿನ ತರಕಾರಿ ತಂದೆ. ತರಕಾರಿ ಮಾರುವ ಭಯ್ಯಾ ಅದನ್ನು ನೋಡಿ ಕೊತ್ತಂಬರಿ ಸೊಪ್ಪು ಹೆಚ್ಚಿಗೆ ಕೊಟ್ಟನೆಂದು ನನ್ನ ನಂಬಿಕೆ, ಮುನಿಸಿಪಾಲಿಟಿಯವನೆಂದು ತಿಳಿದು ಕೊಟ್ಟಿರಬೇಕೆಂದು ಹೆಂಡತಿಯ ನಂಬಿಕೆ.

ಮೊದಲು ನನ್ನ ಮನೆಯನ್ನೇ ಅಳೆದೆವು. ಫಲಿತಾಂಶ ಹಸಿರು. ಬೆಂಗಳೂರಿಗೆ ಮೂರು ಸಲ ವಿಮಾನದಲ್ಲಿ ಹೋಗಿಬಂದದ್ದು ಭಾಷಣ ಮಾಡಲೆಂದು. ಅದು ಕರೆದವರ ಲೆಕ್ಕಕ್ಕೆ ಹೋಗಬೇಕೆಂದು ನಾನು ವಾದಿಸಿದೆ. ಪ್ರಜ್ವಲ್ ಒಪ್ಪಿದ. ಅವನೂ ಆ ತಿಂಗಳು ಹವಾಮಾನದ ಬಗ್ಗೆ ಮಾತಾಡಲು ಗೋವಾಕ್ಕೆ ಹಾರಿಬಂದಿದ್ದ.

ಚಂದ್ರಪ್ರಭಾ ಅವರ ಮನೆಗೆ ನಾವು ಹೋದದ್ದು ಜನವರಿಯಲ್ಲಿ. ಮಂಜು ಎಷ್ಟಿತ್ತೆಂದರೆ ಮೆಟ್ರೋ ಇಳಿದ ಮೇಲೆ ಮಾರುಕಟ್ಟೆ ಕಾಣಿಸಲಿಲ್ಲ, ಸ್ವೆಟರ್ ಮಾರುವವರ ಕೂಗು ಮಾತ್ರ ಕೇಳಿಸುತ್ತಿತ್ತು. ಪ್ರಜ್ವಲ್ ಗುರುಗ್ರಾಮದಿಂದ ಕ್ಯಾಬಿನಲ್ಲಿ ಬಂದ. ಒಳಗೆ ದಿವಾನದ ಮೇಲೆ, ಹೀಟರಿನ ಪಕ್ಕದಲ್ಲಿ, ಬೀದರ್ ಕಡೆಯ ರತ್ನಮ್ಮ ಎಂಬ ಹೆಂಗಸು ಶಾಲು ಹೊದ್ದು ಕುಳಿತಿದ್ದರು. ಅವರ ಹೃದಯದ ಕವಾಟವೊಂದು ಕೆಟ್ಟಿತ್ತು. ತಿಂಗಳುಗಟ್ಟಲೆ ಕಾದು ಕೊನೆಗೂ ಮುಂದಿನ ಸೋಮವಾರಕ್ಕೆ ಆಪರೇಷನ್ ನಿಗದಿಯಾಗಿತ್ತು. ಡಾಕ್ಟರು ಹೇಳಿದ್ದು ಒಂದೇ ಮಾತು: ಅಲ್ಲಿಯವರೆಗೆ ನೆಗಡಿ, ಜ್ವರ ಬರಕೂಡದು, ಬಂದರೆ ದಿನ ತಪ್ಪಿಹೋಗುತ್ತದೆ. ಅದಕ್ಕೇ ಚಂದ್ರಪ್ರಭಾ ಅವರ ಮನೆಯ ಏಕೈಕ ಹೀಟರ್ ರತ್ನಮ್ಮನವರ ಕಾಲ ಬುಡಕ್ಕೆ ಬಂದಿತ್ತು. ಹಗಲು ಉಳಿದವರೂ ಅದರ ಸುತ್ತ ಜಮಾಯಿಸುತ್ತಿದ್ದರು. ರತ್ನಮ್ಮನವರ ಮಗಳು ಗಗನಾ, ಬೆನ್ನುಹುರಿ ತೋರಿಸಲು ಬಂದಿದ್ದ ಇನ್ನೊಂದು ಕುಟುಂಬ, ಪರೀಕ್ಷೆ ಬರೆಯಲು ಬಂದಿದ್ದ ಕಿರಣ್ ಎಂಬ ತರುಣ, ಎಲ್ಲರೂ ಅಲ್ಲೇ ಕುಳಿತು ಅವರೆಕಾಳು ಸುಲಿಯುತ್ತಿದ್ದರು. ಅವರೆಕಾಯಿ ಕೂಡ ಅವರ ಹಾಗೆಯೇ ರೈಲಿನಲ್ಲಿ ಬಂದದ್ದು.

ಪ್ರಜ್ವಲ್ ಟ್ಯಾಬ್ ತೆರೆದು ಮೊದಲ ಪ್ರಶ್ನೆ ಕೇಳಿದ.

“ಆಂಟಿ, ಮನೇಲಿ ಎಷ್ಟು ಜನ?”

“ಯಾವಾಗ?” ಎಂದರು ಚಂದ್ರಪ್ರಭಾ.

ಆ್ಯಪಿಗೆ ಯಾವಾಗ ಎಂಬುದು ಗೊತ್ತಿರಲಿಲ್ಲ. ಅದಕ್ಕೊಂದು ಸಂಖ್ಯೆ ಬೇಕಿತ್ತು. ಚಂದ್ರಪ್ರಭಾ, ಬೆಳಿಗ್ಗೆ ಇಷ್ಟಿದ್ದೆವು, ಈಗ ಇಷ್ಟಿದ್ದೇವೆ, ಸಂಜೆಯ ರೈಲು ತಡವಾಗದಿದ್ದರೆ ಇನ್ನಿಬ್ಬರು ಬರುತ್ತಾರೆ ಎಂದು ಹೇಳತೊಡಗಿದರು. ಇಷ್ಟು ವರ್ಷದ ನೌಕರಿಯನ್ನೆಲ್ಲ ಸಚಿವಾಲಯದ ಕಡತಗಳ ನಡುವೆಯೇ ಕಳೆದಿದ್ದ ದಕ್ಷಿಣಾಮೂರ್ತಿಯವರು ಪತ್ರಿಕೆಯಿಂದ ತಲೆ ಎತ್ತದೆ, ಇಬ್ಬರು ಎಂದು ಹಾಕಿ, ಕ್ವಾರ್ಟರ್ಸಿನ ಕಾಗದದಲ್ಲೂ ಇಬ್ಬರೇ ಎಂದರು. ಆ ಮಾತಿಗೆ ಚಂದ್ರಪ್ರಭಾ ಗಂಡನ ಕಡೆ ಒಂದು ನೋಟ ಬೀರಿದರು. ಅದರ ಅರ್ಥ ಆಗ ನನಗೆ ಆಗಲಿಲ್ಲ. ಪ್ರಜ್ವಲ್ ಎರಡು ಎಂದು ಒತ್ತಿದ.

ಆಮೇಲೆ ಗ್ಯಾಸು, ಕರೆಂಟು, ಗೀಸರು, ವಾಷಿಂಗ್ ಮೆಷಿನ್ನು. ಎಲ್ಲ ಒತ್ತಿ ಮುಗಿಸುವಷ್ಟರಲ್ಲಿ ಟ್ಯಾಬಿನ ಮುಳ್ಳು ಕೆಂಪಿನ ಕೊನೆಗೆ ಹೋಗಿ ನಡುಗುತ್ತ ನಿಂತಿತು. ಬಳಗದ ಯಾವ ಮನೆಯೂ ಅಲ್ಲಿಗೆ ಮುಟ್ಟಿರಲಿಲ್ಲ. ಇಬ್ಬರೇ ಇರುವ ಮನೆಯಲ್ಲಿ ಇಷ್ಟು ಉರಿಯುವುದೆಂದರೆ ಅವರು ಬಾಲ್ಕನಿಯಲ್ಲಿ ಕಬ್ಬಿಣ ಕರಗಿಸುತ್ತಿರಬೇಕು. ಎಲ್ಲರೂ ಇವರ ಹಾಗೆ ಬದುಕಿದರೆ ಒಂಬತ್ತು ಭೂಮಿ ಬೇಕಾಗುತ್ತದೆ ಎಂದು ಪರದೆಯ ಮೇಲೆ ಮೂಡಿತು. ಪ್ರಜ್ವಲ್ ಅದನ್ನು ಸಂಕೋಚದಿಂದ ಓದಿ ಹೇಳಿದ.

“ಒಂಬತ್ತಾದ್ರೆ ಒಳ್ಳೇದೇ. ಇಲ್ಲಿ ಹಾಸಿಗೆ ಹಾಕೋಕೆ ಜಾಗ ಸಾಲ್ತಿಲ್ಲ” ಎಂದರು ಚಂದ್ರಪ್ರಭಾ.

ನಮ್ಮ ಯೋಜನೆಯಲ್ಲಿ ಕೊನೆಯದಾಗಿ ಬಿಲ್ಲೆ ಅಂಟಿಸುವ ಕಾರ್ಯಕ್ರಮವಿತ್ತು. ಹೆಚ್ಚು ಹೊಗೆಯ ಸಾಮಾನಿಗೆ ಕೆಂಪು ದುಂಡು ಬಿಲ್ಲೆ, ಮಧ್ಯಮಕ್ಕೆ ಹಳದಿ, ಕಡಿಮೆಗೆ ಹಸಿರು. ಅಧ್ಯಕ್ಷನಾದ್ದರಿಂದ ಅಂಟಿಸುವ ಗೌರವ ನನ್ನದು. ಜನವರಿಯ ಚಳಿಯಲ್ಲಿ ತಿರುಗದೆ ನಿಂತಿದ್ದ ಸೀಲಿಂಗ್ ಫ್ಯಾನಿಗೆ ಕುರ್ಚಿ ಹತ್ತಿ ಹಸಿರು ಅಂಟಿಸಿದೆ. ಫ್ರಿಜ್ಜಿಗೆ ಹಳದಿ. ಗೀಸರಿಗೂ ಹೀಟರಿಗೂ ಕೆಂಪು. ಹೀಟರಿಗೆ ಅಂಟಿಸುವಾಗ ರತ್ನಮ್ಮನವರು ಕಾಲು ಮಡಿಚಿಕೊಂಡು ಜಾಗ ಮಾಡಿಕೊಟ್ಟರು. ಕೆಂಪೆಂದರೆ ಏನು ಎಂದು ಅವರು ಮೆಲ್ಲಗೆ ಕೇಳಿದ್ದು ಪ್ರಜ್ವಲನನ್ನು. ಮೈಸೂರಿನವರ ಮಗನಾದರೂ ದಿಲ್ಲಿಯಲ್ಲಿ ಬೆಳೆದ ಅವನ ಕನ್ನಡ ಸ್ವಲ್ಪ ಮೊಟಕು. “ಮತ್ಲಬ್, ಆಂಟಿ, ಇದು ಬೇಡ ಅಂತ. ಭೂಮಿಗೆ ಭಾರ” ಎಂದ. ರತ್ನಮ್ಮ ತಲೆಯಾಡಿಸಿದರು. ನಾವು ಉಪ್ಪಿಟ್ಟು ತಿಂದು, ಕೈ ತೊಳೆದು, ಲೋಕೋಪಕಾರದ ತೃಪ್ತಿಯಿಂದ ಹೊರಟೆವು.

ಮುಂದಿನ ಸೋಮವಾರ ಕಳೆದ ಮೇಲೆ ಚಂದ್ರಪ್ರಭಾ ಅವರ ಫೋನು ಬಂತು. ಇಬ್ಬರೂ ಬನ್ನಿ ಎಂದಷ್ಟೇ ಹೇಳಿ ಇಟ್ಟರು.

ಹೋದಾಗ ರತ್ನಮ್ಮ ಮಂಚದ ಮೇಲೆ ಕೆಮ್ಮುತ್ತ ಮಲಗಿದ್ದರು. ನಡೆದದ್ದನ್ನು ಗಗನಾ ಹೇಳಿದಳು. ನಾವು ಬಂದುಹೋದ ದಿನದಿಂದ ಅವಳ ತಾಯಿ, ಎಲ್ಲರೂ ಮಲಗಿದ ಮೇಲೆ ಹೀಟರ್ ಆರಿಸುತ್ತಿದ್ದರು, ಯಾರಾದರೂ ಏಳುವ ಮೊದಲೇ ಎದ್ದು ಮತ್ತೆ ಹಾಕುತ್ತಿದ್ದರು. ಸ್ನಾನಕ್ಕೆ ಗೀಸರ್ ಹಾಕಿದಂತೆ ಮಾಡಿ ತಣ್ಣೀರು ಸುರಿದುಕೊಳ್ಳುತ್ತಿದ್ದರು. ಯಾರಿಗೂ ತಿಳಿಯಲಿಲ್ಲ. ಆಪರೇಷನ್ನಿಗೆ ಸೇರಿಸಲು ಕರೆದುಕೊಂಡು ಹೋದಾಗ ಮೈ ಸುಡುತ್ತಿತ್ತು. ಡಾಕ್ಟರು ಎದೆ ಕೇಳಿ, ಮೊದಲು ಇದು ವಾಸಿಯಾಗಲಿ ಎಂದು ವಾಪಸು ಕಳಿಸಿದರು. ಹೊಸ ದಿನ ಯಾವಾಗ ಸಿಗುತ್ತದೋ ಹೇಳಲಾಗದು. ಕವಾಟ ಅಲ್ಲಿಯವರೆಗೆ ತಡೆಯುತ್ತದೆಯೇ ಎಂದು ಕೇಳಿದ್ದಕ್ಕೆ ಡಾಕ್ಟರು ಮುಂದಿನವರನ್ನು ಕರೆದರಂತೆ. ಇಷ್ಟನ್ನು ಹೇಳಿ ಗಗನಾ ಒಳಗೆ ಹೋದಳು.

ರತ್ನಮ್ಮ ಎದ್ದು ಕೂರಲು ನೋಡಿದರು.

“ಯಾರಿಗೂ ಏನೂ ಅನಬ್ಯಾಡ್ರಿ ಅಕ್ಕಾ. ತಣ್ಣೀರು ನಮಗ ರೂಢಿ ಅದ. ನಮ್ಮಿಂದ ನಿಮ್ಮ ಮನಿಗಿ ಕೆಂಪು ಬಂತಲ್ಲ ಅನಕೊಂಡೆ. ಆಸ್ಪತ್ರಿ ಬಾಜೂಕ ಧರ್ಮಶಾಲಾ ಅದ ಅಂತ, ಅಲ್ಲೇ ಇರ್ತೀವಿ.”

“ನಿಮ್ಮ ಬ್ಯಾಗು ನನ್ನ ಬೀರುವಿನಲ್ಲಿದೆ. ಬೀಗದ ಕೈ ಎಲ್ಲಿಟ್ಟೆ ಅಂತ ನೆನಪಿಲ್ಲ. ನೆನಪಾಗೋವರೆಗೂ ಇರಿ” ಎಂದರು ಚಂದ್ರಪ್ರಭಾ. ಬೀಗದ ಕೈ ಅವರ ಸೊಂಟದಲ್ಲೇ ಇತ್ತು.

ನಮಗೆ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಹೀಟರಿನ ಮೇಲಿನ ಬಿಲ್ಲೆ ತೋರಿಸಿ, ನೀವೇ ಕೀಳಿ ಎಂದರು. ಪ್ರಜ್ವಲ್ ನೆಲದ ಮೇಲೆ ಕುಳಿತು ಉಗುರಿನಿಂದ ಕೆರೆದ. ಬಿಲ್ಲೆಯ ಅಂಟು ಬಹಳ ಒಳ್ಳೆಯ ಗುಣಮಟ್ಟದ್ದು, ಬಿಸಿಗೆ ಇನ್ನೂ ಗಟ್ಟಿಯಾಗಿತ್ತು. ಕೊಬ್ಬರಿ ಎಣ್ಣೆ ಹಚ್ಚಿದ, ಚಮಚದಿಂದ ಎಬ್ಬಿಸಿದ. ಅರ್ಧ ಬಂತು, ಅರ್ಧಚಂದ್ರನ ಹಾಗೆ ಕೆಂಪು ಉಳಿದುಕೊಂಡಿತು. ನಾನು ಕೊರಳಿನ ಬಿಲ್ಲೆಯನ್ನು ಸ್ವೆಟರಿನ ಒಳಗೆ ತಳ್ಳಿದೆ.

ದಕ್ಷಿಣಾಮೂರ್ತಿಯವರು ನನ್ನನ್ನು ಮೆಟ್ರೋವರೆಗೆ ಬಿಡಲು ಬಂದರು. ಅಂದು ‘ಇಬ್ಬರು’ ಎಂದಾಗ ಹೆಂಡತಿ ಅವರತ್ತ ಬೀರಿದ ನೋಟದ ವಿಷಯ ಕೇಳಿದೆ. ಅವರು ಮದುವೆಯಾದ ಹೊಸದರಲ್ಲಿ ಕ್ವಾರ್ಟರ್ಸ್ ಸಿಕ್ಕಿರಲಿಲ್ಲ, ಯಾರದೋ ಮನೆಯ ತಾರಸಿಯ ಮೇಲೊಂದು ಕೋಣೆಯಲ್ಲಿ ಬಾಡಿಗೆಗಿದ್ದರು. ಮನೆಯೊಡೆಯನಿಗೆ ನೀರಿನ ಬಕೆಟ್ಟು ಎಣಿಸುವ ಅಭ್ಯಾಸ. ಚಂದ್ರಪ್ರಭಾ ಅವರ ತಂದೆ ಕಡೂರಿನಿಂದ ಇದೇ ಆಸ್ಪತ್ರೆಗೆ ತೋರಿಸಲು ಬಂದಾಗ ಅವನು ಮೆಟ್ಟಿಲಲ್ಲೇ ತಡೆದು, ಮನೆ ಕೊಟ್ಟದ್ದು ಇಬ್ಬರಿಗೆ ಎಂದ. ಅವರು ಆಸ್ಪತ್ರೆಯ ಹೊರಗಿನ ಪಾದಚಾರಿ ಮಾರ್ಗದಲ್ಲಿ, ಬೇರೆಯವರ ಕಂಬಳಿ ಹಂಚಿಕೊಂಡು ಕಾಲ ಕಳೆದರು. ಮಗಳು ಬೆಳಿಗ್ಗೆ ಡಬ್ಬಿಯಲ್ಲಿ ಅನ್ನ ಒಯ್ಯುತ್ತಿದ್ದಳು. ತಂದೆಗೆ ಗುಣವಾಯಿತು, ಊರಿಗೆ ಹೋಗಿ, ದಿಲ್ಲಿಯಲ್ಲಿ ಮಗಳ ಮನೆ ಬಹಳ ಗಾಳಿ ಬೆಳಕಿನದು ಎಂದು ಎಲ್ಲರಿಗೂ ಹೇಳಿದರು. ಆ ಮಾತನ್ನು ಮಗಳು ಈಗಲೂ ನಗದೆ ನೆನೆಯುತ್ತಾಳೆ ಎಂದರು ದಕ್ಷಿಣಾಮೂರ್ತಿ. ಆಮೇಲೆ, “ನಾನೂ ಮರೆತು ಇಬ್ಬರು ಅಂದುಬಿಟ್ಟೆ ನೋಡಿ” ಎಂದು ಮಫ್ಲರ್ ಸರಿಮಾಡಿಕೊಂಡರು.

ಮುಂದಿನ ಸಭೆಯಲ್ಲಿ ಈ ಮನೆಯ ಲೆಕ್ಕವೇ ಚರ್ಚೆಗೆ ಬಂತು. ರತ್ನಮ್ಮನವರ ಪಾಲನ್ನು ಬೀದರಿನ ಅವರ ಮನೆಯ ಲೆಕ್ಕಕ್ಕೆ ಹಾಕಬೇಕು ಎಂದ ಪ್ರಜ್ವಲ್. ಅಲ್ಲಿ ಅವರು ಹೀಟರನ್ನೇ ಕಂಡಿಲ್ಲವಲ್ಲ ಎಂದರು ಯಾರೋ. ಹಾಗಾದರೆ ಆಸ್ಪತ್ರೆಯ ಲೆಕ್ಕಕ್ಕೆ. ಆಸ್ಪತ್ರೆ ಅವರನ್ನು ಇನ್ನೂ ಒಳಗೇ ಸೇರಿಸಿಕೊಂಡಿಲ್ಲ. ರೈಲ್ವೆ ಇಲಾಖೆಗೆ ಎಂದು ಒಬ್ಬರು ಹೇಳಿ ಕುಳಿತರು. ನನ್ನ ಭಾಷಣದ ವಿಮಾನಕ್ಕೆ ಬೇರೆ ಯಜಮಾನನನ್ನು ಹುಡುಕಲು ಒಂದು ನಿಮಿಷ ಹಿಡಿದಿರಲಿಲ್ಲ. ಒಬ್ಬ ಹೆಂಗಸಿನ ಎದೆ ಬೆಚ್ಚಗಿಡಲು ಉರಿದ ಒಂದಿಷ್ಟು ಕರೆಂಟಿಗೆ ಮಾತ್ರ ಯಾರ ಮನೆಯಲ್ಲೂ ಜಾಗವಿರಲಿಲ್ಲ.

ಹಾಗೆಂದು ಚಂದ್ರಪ್ರಭಾ ಅವರ ಒಲೆಯಿಂದ ಹೊಗೆಯೇ ಹೊರಡುವುದಿಲ್ಲ ಎಂದು ನಾನು ಹೇಳಲಾರೆ. ಒಳ್ಳೆಯ ಕೆಲಸಕ್ಕೆ ಉರಿದರೂ ಗ್ಯಾಸು ಗ್ಯಾಸೇ. ಈ ಊರಿನ ಗಾಳಿಯನ್ನು ಉಸಿರಾಡುವ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಜ್ವಲನ ಕಾಳಜಿಯೂ ಸುಳ್ಳಲ್ಲ. ಅವನು ಆ ವಾರದಿಂದ ಗುರುಗ್ರಾಮದಿಂದ ಮೆಟ್ರೋದಲ್ಲಿ ಬರತೊಡಗಿದ್ದಾನೆ, ನಿಂತುಕೊಂಡೇ. ಅಳೆಯುವುದು ಬೇಡವೆಂದೂ ನನಗೆ ಅನ್ನಿಸುವುದಿಲ್ಲ. ಆದರೆ ಅಳೆಯುವ ಮುನ್ನ ಮನೆ ಎಂದರೆ ಎಲ್ಲಿಂದ ಎಲ್ಲಿಯವರೆಗೆ ಎಂದು ಯಾರಾದರೂ ಹೇಳಬೇಕಲ್ಲ. ನಮಗೆ ಅದು ಬಾಗಿಲು. ಬಾಗಿಲು ಮುಚ್ಚಿಕೊಂಡಷ್ಟೂ ಹಸಿರು. ನಮ್ಮ ಫ್ಲಾಟಿನಲ್ಲಿ ಕಳೆದ ವರ್ಷ ಒಬ್ಬ ನೆಂಟರೂ ಬಂದು ತಂಗಲಿಲ್ಲ, ಆ್ಯಪ್ ಅದನ್ನು ಮೆಚ್ಚಿ ಒಂದು ಎಲೆಯ ಚಿತ್ರ ತೋರಿಸಿತ್ತು. ಆ ಎಲೆ ನೆನಪಾದಾಗಲೆಲ್ಲ ಮನಸ್ಸಿಗೆ ಏನೋ ಕಸಿವಿಸಿ.

ರತ್ನಮ್ಮನವರ ಕೆಮ್ಮು ಇಳಿಯಲು ತಿಂಗಳು ಹಿಡಿಯಿತು. ಆ ತಿಂಗಳಿಡೀ ಹೀಟರ್ ಹಗಲೂ ಇರುಳೂ ಉರಿಯಿತು. ಅದನ್ನು ಯಾರೂ ಆರಿಸದಂತೆ ಚಂದ್ರಪ್ರಭಾ ತಮ್ಮ ಹಾಸಿಗೆಯನ್ನೇ ಸ್ವಿಚ್ಚಿನ ಬುಡಕ್ಕೆ ಹಾಕಿಕೊಂಡರು. ಸ್ನಾನದ ನೀರಿಗೆ ಅವರೇ ಕೈ ಅದ್ದಿ ನೋಡಿ ಬಿಡುತ್ತಿದ್ದರು. ಅಂದರೆ ಹೊಗೆ ಕಡಿಮೆ ಮಾಡಲು ನಾವು ಅಂಟಿಸಿದ ಬಿಲ್ಲೆಯಿಂದ ಆ ಮನೆಯ ಹೊಗೆ ಇಮ್ಮಡಿಯಾಯಿತು. ಇಂಥದ್ದನ್ನು ಸಾಧಿಸಿದ ಉಪಸಮಿತಿ ದೇಶದಲ್ಲಿ ಬೇರೆ ಇರಲಾರದು. ದಿನ ಬಿಟ್ಟು ದಿನ ಹೊಸ ತಾರೀಕಿಗಾಗಿ ಆಸ್ಪತ್ರೆಯ ಕಿಟಕಿಯಲ್ಲಿ ನಿಲ್ಲುವ ಕೆಲಸವನ್ನು ಚಂದ್ರಪ್ರಭಾ ನನಗೂ ಪ್ರಜ್ವಲನಿಗೂ ವಹಿಸಿದರು. ಸಾಲಿನಲ್ಲಿ ನಿಂತಾಗ ಹಿಂದಿನಿಂದ ಯಾರೋ ಹೊಸಪೇಟೆಯ ಕಡೆಯ ಕನ್ನಡ ಮಾತಾಡಿದ್ದು ಕೇಳಿಸಿತು. ನನಗೇ ತಿಳಿಯದಂತೆ ಹಿಂದಕ್ಕೆ ತಿರುಗಿ, ಸರೋಜಿನಿ ನಗರಕ್ಕೆ ಹೋಗಿ ಎಂದುಬಿಟ್ಟೆ.

ಮಾರ್ಚಿಗೆ ಮುಂಚೆ ಆಪರೇಷನ್ ಆಯಿತು. ಕವಾಟ ತಡೆದುಕೊಂಡಿತ್ತು. ಅಂದು ಸಂಜೆ ಆಸ್ಪತ್ರೆಯ ಹೊರಗೆ ಪ್ರಜ್ವಲ್ ಒಂದು ಕಂಬಕ್ಕೆ ಒರಗಿ ನಿಂತು ಬಹಳ ಹೊತ್ತು ಮೂಗು ಒರೆಸಿಕೊಳ್ಳುತ್ತಿದ್ದ. ಹೊಗೆಗೆ ಕಣ್ಣುರಿ ಎಂದ. ಅಂದು ಆಕಾಶ ಎಂದಿಗಿಂತ ತಿಳಿಯಾಗಿತ್ತು.

ಯುಗಾದಿ ಹತ್ತಿರ ಬಂತು. ಫಲಕಕ್ಕೆ ಹೆಸರು ಕೊಡಬೇಕು, ಪಟ್ಟಿ ಮುಗಿಸಬೇಕು. ಅಧ್ಯಕ್ಷನ ಕರ್ತವ್ಯವೆಂದು ನಾನೊಬ್ಬನೇ ಟ್ಯಾಬ್ ಹಿಡಿದು ಮತ್ತೆ ಆ ಮನೆಗೆ ಹೋದೆ. ಚಳಿ ಹೋಗಿತ್ತು. ಹೀಟರ್ ಮೂಲೆ ಸೇರಿತ್ತು, ಅರ್ಧಚಂದ್ರ ಹಾಗೇ ಇತ್ತು. ಫ್ಯಾನು ತನ್ನ ಹಸಿರು ಬಿಲ್ಲೆಯೊಂದಿಗೆ ಭರದಿಂದ ತಿರುಗುತ್ತಿತ್ತು. ರತ್ನಮ್ಮ ದಿವಾನದ ಮೇಲೆ ದಿಂಬಿಗೆ ಒರಗಿ, ಬೇಡವೆಂದರೂ ಕೇಳದೆ ಬೀನ್ಸಿನ ನಾರು ತೆಗೆಯುತ್ತಿದ್ದರು. ಊರಿಗೆ ಹೊರಡಲು ಇನ್ನೂ ಡಾಕ್ಟರ ಅಪ್ಪಣೆ ಆಗಬೇಕಿತ್ತು. ಬಾಗಿಲಲ್ಲಿ ಎಡಗಡೆ ಎರಡು ಜೊತೆ ಹೊಸ ಚಪ್ಪಲಿ. ಹೊಸಪೇಟೆಯವರು ಎಕ್ಸ್‌ರೇ ಲಕೋಟೆ ತೊಡೆಯ ಮೇಲಿಟ್ಟುಕೊಂಡು ನನ್ನನ್ನು ಕಂಡು ಗುರುತಿನ ನಗೆ ನಕ್ಕರು. ಅವರನ್ನು ಚಂದ್ರಪ್ರಭಾ ಆಗಲೇ ‘ನಮ್ಮವರ ಷಡ್ಡಕ’ ಎಂದು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು.

ಫೋನಿಟ್ಟು ಅಡಿಗೆಮನೆಗೆ ಹೋದರು. ನಾನು ಬಾಗಿಲಿಗೆ ಹೋಗಿ ನಿಂತೆ. ಅಕ್ಕಿ ಡಬ್ಬಿ ತೆರೆದು ಪಾವು ಕೈಯಲ್ಲಿ ಹಿಡಿದಿದ್ದರು. ಹಳೆಯ ‘ಎರಡು’ ಅಳಿಸಿದ ಟ್ಯಾಬಿನಲ್ಲಿ ಆ ಮೊದಲ ಪ್ರಶ್ನೆಯ ಚೌಕ ಖಾಲಿ ಮಿನುಗುತ್ತಿತ್ತು. ಕೆಮ್ಮಿ ಗಂಟಲು ಸರಿಮಾಡಿಕೊಂಡು, ಉಪಸಮಿತಿಯ ಘನತೆಗೆ ತಕ್ಕ ದನಿಯಲ್ಲಿ ಕೇಳಿದೆ:

“ಚಂದ್ರಪ್ರಭಾ ಅವರೇ, ಕೊನೆಗೂ ಈ ಮನೇಲಿ ಎಷ್ಟು ಜನ ಅಂತ ಬರೆಯಲಿ?”

ಅವರು ತಿರುಗಿ ನೋಡಲಿಲ್ಲ.

“ನೀವು ಊಟಕ್ಕೆ ಇರ್ತೀರೋ ಇಲ್ವೋ, ಮೊದಲು ಅದು ಹೇಳಿ. ಅಕ್ಕಿ ಹಾಕ್ತಾ ಇದ್ದೀನಿ.”